ಎಂಜಲು ಮರೆಯದ ಬೇರು

ಹೆಂಗಸರು ಮಾತಾಡಿದರೆ ಗಿಡಗಳಿಗೆ ಸಿಟ್ಟು ಬರುತ್ತದೆ ಎನ್ನುವ ಸುದ್ದಿ ಪಂಚದಳ ನರ್ಸರಿಯಲ್ಲಿ ತಮಾಷೆಯಾಗಿಯೇ ಹುಟ್ಟಿಕೊಂಡಿತು. ಹುಟ್ಟಿಸಿದವಳು ಶಶಿರೇಖಾ. ನಿಗಾ ಕೋಣೆಯಲ್ಲಿ ಕೂತು ಗಾಜಿನಮನೆಯ ಗಿಡಗಳ ಕ್ಷೇಮಸಮಾಚಾರವನ್ನು ಪರದೆಯ ಮೇಲೆ ನೋಡುವುದು ಅವಳ ಉದ್ಯೋಗ. ಒಂದೊಂದು ಗಿಡದ ಕಾಂಡಕ್ಕೂ ಕೂದಲೆಳೆಯಂಥ ತಂತಿ ಚುಚ್ಚಿದ್ದರು. ಗಿಡ ನೆಮ್ಮದಿಯಾಗಿದ್ದರೆ ಪರದೆಯ ಗೆರೆ ಮಲಗಿರುತ್ತದೆ, ಗಾಬರಿಯಾದರೆ ಏಳುತ್ತದೆ. ಹುಳ ಎಲೆ ಕಚ್ಚಿದಾಗ ಏಳಬೇಕಾದ್ದು ಸರಿ. ಆದರೆ ಈಚೆಗೆ ಒಂದು ಹುಳವೂ ಇಲ್ಲದ ಸಾಲುಗಳಲ್ಲಿ, ಕಸಿ ಕಟ್ಟುವ ಹೆಂಗಸರು ಒಳಗೆ ಕಾಲಿಟ್ಟು ಮಾತು ಶುರು ಮಾಡಿದರೆ ಸಾಕು, ಗೆರೆ ಹೆಡೆ ಎತ್ತುತ್ತಿತ್ತು. ಬಾಯಿ ಮುಚ್ಚಿ ಕೆಲಸ ಮಾಡಿದರೆ ಮಲಗುತ್ತಿತ್ತು.

ಶಶಿರೇಖಾ ಮೈಕು ಒತ್ತಿದಳು. "ಅಮ್ಮ, ಆ ಸಾಲು ಬಿಟ್ಟು ಈಚೆ ಬಾ. ನಿನ್ನ ಕಂಡರೆ ಗಿಡಕ್ಕೆ ಆಗ್ತಿಲ್ಲ."

ಕಸಿ ಕಟ್ಟುವ ಗುಂಪಿನ ಯಜಮಾನಿಕೆ ಅವಳ ತಾಯಿ ಅಕ್ಕಯಮ್ಮನದು. ಆಕೆ ಕ್ಯಾಮೆರಾದ ಕಡೆ ತಲೆ ಎತ್ತಿ, ತುಟಿಯಲ್ಲಿ ಕಚ್ಚಿಕೊಂಡಿದ್ದ ಕಸಿಕಣ್ಣನ್ನು ಬೆರಳಿಗೆ ತೆಗೆದುಕೊಂಡು ಹೇಳಿದಳು, "ನನ್ನ ಕಂಡ್ರೆ ನಿಮ್ಮಪ್ಪಂಗೂ ಆಗ್ತಿರಲಿಲ್ಲ. ಆದ್ರೂ ಸಾಯೋಗಂಟ ಬಾಳ್ವೆ ಮಾಡ್ದ. ಗಿಡಾನೂ ಮಾಡ್ಲಿ ಬುಡು."

ಹೆಂಗಸರೆಲ್ಲ ಗೊಳ್ಳೆಂದರು. ನಗುವಿನ ಜೊತೆಗೇ ಆ ಸಾಲಿನ ಅಷ್ಟೂ ಗೆರೆಗಳು ಮೇಲೆದ್ದವು.

ಸೇಬು ಬೆಟ್ಟ ಇಳಿದು ಬಯಲಿಗೆ ಬಂದ ಕಾಲ ಅದು. ಉತ್ತರದ ಬೆಟ್ಟಗಳಲ್ಲಿ ಚಳಿ ಕಡಿಮೆಯಾಗಿ ಅಲ್ಲಿನ ತೋಟಗಳು ಬಂಜೆಯಾಗುತ್ತಿದ್ದವು. ಇಲ್ಲಿ ಚಿಕ್ಕಬಳ್ಳಾಪುರದ ಸುತ್ತ, ಬಿಸಿಲು ತಡೆಯುವ ಹೊಸ ತಳಿಗಳು ದ್ರಾಕ್ಷಿ ಚಪ್ಪರದ ಪಕ್ಕದಲ್ಲೇ ಕಾಯಿ ಬಿಡುತ್ತಿದ್ದವು. ಅದರಲ್ಲೂ ಪಂಚದಳದವರು ಒಂದು ಹೆಜ್ಜೆ ಮುಂದೆ. ಗುಲಾಬಿ, ಸೇಬು, ಮರಸೇಬು, ಪ್ಲಮ್, ಬಾದಾಮಿ, ಇವೆಲ್ಲ ನೋಡಲು ಬೇರೆ ಬೇರೆ ಕಂಡರೂ ಒಂದೇ ಮನೆತನದವು. ಕಾಡುಗುಲಾಬಿಯ ಹೂವನ್ನೂ ಸೇಬಿನ ಹೂವನ್ನೂ ಅಕ್ಕಪಕ್ಕ ಇಟ್ಟು ನೋಡಿ, ಎರಡಕ್ಕೂ ಐದೇ ಎಸಳು. ಈ ಮನೆತನದ ಹಲವರಲ್ಲಿ ಇನ್ನೊಂದು ಗುಟ್ಟಿದೆ. ಬೀಜದೊಳಗೆ, ಕೆಲವರು ಎಲೆಯೊಳಗೆ, ಒಂದು ಕಹಿಯನ್ನು ಬಚ್ಚಿಟ್ಟುಕೊಂಡಿರುತ್ತಾರೆ. ಜಗಿದರೆ ಅದು ಒಡೆದು ಸಯನೈಡ್ ಆಗುತ್ತದೆ. ಸೇಬಿನ ಬೀಜದಲ್ಲಿರುವುದು ಚಿಟಿಕೆಯಷ್ಟು, ಕಹಿ ಬಾದಾಮಿಯಲ್ಲಿ ಜಾಸ್ತಿ.

ಪಂಚದಳದ ಮುಖ್ಯ ವಿಜ್ಞಾನಿ ಡಾಕ್ಟರ್ ದಯಾನಂದ ಶೆಣೈ ಈ ಗುಟ್ಟನ್ನೇ ಹಿಡಿದು ಒಂದು ಬೇರುಗಿಡ ಮಾಡಿದ್ದರು. ಹೆಸರು ಕಾವಲು ಬೇರು. ಅದರ ಮೇಲೆ ಸೇಬನ್ನೂ ಕಸಿ ಕಟ್ಟಿ ಕೂರಿಸಬಹುದು, ಗುಲಾಬಿಯನ್ನೂ ಕೂರಿಸಬಹುದು, ಒಂದೇ ಗಿಡದಲ್ಲಿ ಮೂರು ಬಗೆ ಬೆಳೆಸಬಹುದು. ಔಷಧಿ ಹೊಡೆಯಬೇಕಿಲ್ಲ, ಗಿಡ ತನ್ನ ಕಾವಲು ತಾನೇ ಕಾಯುತ್ತದೆ. ಹುಳ ಕಚ್ಚಿದಾಗ ಅದರ ಬಾಯಿಯ ರಸವನ್ನು ಗುರುತು ಹಿಡಿದು, ಕಚ್ಚಿದ ಗಾಯಕ್ಕೆ ಮಾತ್ರ ಆ ವಿಷವನ್ನು ಕಳಿಸುತ್ತದೆ. ಬೇರಿಗೆ ಶತ್ರು ಯಾರೆಂದು ಒಂದೇ ಒಂದು ಸಲ ಕಲಿಸಬೇಕು. ಕಸಿಕಣ್ಣನ್ನು ತೊಗಟೆಯ ಸೀಳಿನಲ್ಲಿ ಕೂರಿಸಿ ಕಟ್ಟುವ ಹೊತ್ತಿನಲ್ಲಿ, ಗಾಯ ಇನ್ನೂ ಹಸಿಯಾಗಿರುವಾಗ, ಹುಳದ ಬಾಯಿರಸದ ಒಂದು ಹನಿ ಸವರಿದರೆ ಅದು ಜೀವಮಾನವಿಡೀ ಮರೆಯುವುದಿಲ್ಲ. ಕಲಿತದ್ದನ್ನು ತನ್ನ ಎಲೆ, ಹಣ್ಣುಗಳಿಗೂ ಏರಿಸುತ್ತದೆ, ಕಿತ್ತ ಹಣ್ಣಿನಲ್ಲೂ ಆ ನೆನಪು ಉಳಿಯುತ್ತದೆ. ವಾಸನೆಯ ಮೂಲಕ ಪಕ್ಕದ ಕಾವಲು ಬೇರುಗಳಿಗೂ ದಾಟಿಸುತ್ತದೆ.

ಕಸಿಕಣ್ಣು ಅಂದರೆ ತೊಗಟೆಯ ಸಮೇತ ಚಾಕುವಿನಿಂದ ಎತ್ತಿದ ಒಂದು ಮೊಗ್ಗು. ಗಾಳಿಗೆ ಒಣಗಿದರೆ ಸತ್ತಹಾಗೆ. ಹಿಂದೆ ಅದನ್ನು ಒದ್ದೆ ಗೋಣಿತಾಟಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಗೋಣಿಯಿಂದ ಬೂಷ್ಟು ಹತ್ತುತ್ತದೆಂದು ಶೆಣೈ ಅದನ್ನು ತೆಗೆಸಿದರು, ಬದಲಿಗೆ ಏನನ್ನೂ ಕೊಡಲಿಲ್ಲ, ಕೆಲಸ ಮಾತ್ರ ಇನ್ನೂ ಬೇಗ ಆಗಬೇಕೆಂದರು. ಹೆಂಗಸರು ತಮ್ಮ ಅವ್ವಂದಿರು ಗುಲಾಬಿ ತೋಟಗಳಲ್ಲಿ ಮಾಡುತ್ತಿದ್ದುದನ್ನೇ ಮಾಡಿದರು. ಕಣ್ಣನ್ನು ಎತ್ತಿ ತುಟಿಗಳ ನಡುವೆ ಹಿಡಿದರು. ಬಾಯಿಯ ತೇವದಲ್ಲಿ ಅದು ಬದುಕಿರುತ್ತದೆ, ಎರಡೂ ಕೈ ಖಾಲಿ ಇರುತ್ತವೆ.

ಗೆರೆ ಏಳುವ ವಿಷಯವನ್ನು ಶಶಿರೇಖಾ ಶೆಣೈಯವರಿಗೆ ತೋರಿಸಿದಾಗ ಅವರು ನಿಂತಲ್ಲೇ ನೋಡಿ, "ಬೆವರಿನ ವಾಸನೆ ಇರಬಹುದು. ಗಿಡ ಚುರುಕಾಗಿದೆ ಅಂತ ಅರ್ಥ, ಒಳ್ಳೆಯದೇ. ಮುಂದಿನ ವಾರ ಡೀಲರುಗಳು ಬರ್ತಾರೆ, ಆ ಕಡೆ ಗಮನ ಕೊಡಿ," ಎಂದು ಹೋದರು.

ಮನೆಯ ಹಿತ್ತಲಿನಲ್ಲೂ ಒಂದು ಕಾವಲು ಬೇರು ಇತ್ತು. ಕಾಂಡ ಸೊಟ್ಟಗಿದೆಯೆಂದು ನರ್ಸರಿಯವರು ಬಿಸಾಡಿದ್ದನ್ನು ಅಕ್ಕಯಮ್ಮ ಎತ್ತಿಕೊಂಡು ಬಂದು, ತನ್ನ ಕೈಯಾರೆ ಒಂದು ಕೊಂಬೆಗೆ ಸೇಬು, ಇನ್ನೊಂದಕ್ಕೆ ಕೆಂಪು ಗುಲಾಬಿ ಕೂರಿಸಿದ್ದಳು. ಆ ಭಾನುವಾರ ಬೆಳಿಗ್ಗೆ ಮೊದಲ ಸೇಬು ಕಿತ್ತಳು. ಶಶಿರೇಖಾಳ ಗಂಡ ಲಕ್ಷ್ಮೀಪತಿ ಬಸ್ ಕಂಡಕ್ಟರು, ಖಾಕಿ ತೊಟ್ಟು ಡ್ಯೂಟಿಗೆ ಹೊರಟು ನಿಂತಿದ್ದ.

"ಚಾಕು ತರ್ತೀನಿ ಇರು," ಎಂದಳು ಶಶಿರೇಖಾ.

"ಒಂದು ಹಣ್ಣಿಗೆ ಚಾಕು ಯಾಕೆ," ಎಂದು ಅಕ್ಕಯಮ್ಮ ಸೆರಗಿನ ತುದಿಯನ್ನು ಹಣ್ಣಿನ ಮೇಲೆ ಹೊದಿಸಿ, ಬಟ್ಟೆಯ ಮೇಲಿಂದಲೇ ಕಚ್ಚಿ, ಒಂದು ಚೂರು ಮುರಿದು ಮಗಳಿಗೆ ಕೊಟ್ಟಳು. ಕಾಗೆ ಎಂಜಲು. ಸ್ಕೂಲಿನಲ್ಲಿ ಮಕ್ಕಳು ಪೆಪ್ಪರ್‌ಮೆಂಟು ಹಂಚಿಕೊಳ್ಳುವುದು ಹೀಗೆಯೇ, ಬಟ್ಟೆ ಅಡ್ಡ ಇದ್ದರೆ ಎಂಜಲಲ್ಲ ಎಂಬ ಲೆಕ್ಕ. ಇನ್ನೊಂದು ಚೂರನ್ನು ಹಾಗೆಯೇ ಮುರಿದು ತಾನೂ ತಿಂದು, ಉಳಿದದ್ದನ್ನು ಅಳಿಯನ ಕಡೆ ಚಾಚಿದಳು. "ತಗೊಳ್ಳಿ ಅಳಿಯಂದ್ರೇ. ಬಟ್ಟೆ ಬೇಕಾ?"

"ಬಟ್ಟೆ ಸುತ್ತಿ ತಿನ್ನೋಕೆ ನಾನೇನು ಒಂದನೇ ಕ್ಲಾಸಾ ಅತ್ತೆ," ಎಂದು ಲಕ್ಷ್ಮೀಪತಿ ಬಾಯಿ ಹಾಕಿದ. ಕಚ್ಚಿದ, ಜಗಿದ, ಬ್ಯಾಗು ಹೆಗಲಿಗೇರಿಸಿದ, ಮತ್ತೆ ಕಚ್ಚಿದ. "ಶಶಿ, ಮೊದಲು ಬರೀ ಸಿಹಿ ಇತ್ತು. ಈಗ ನೋಡು, ಬಾದಾಮಿ ಹಾಲು ಕುಡಿದಂಗೆ ಘಮ ಬರ್ತಿದೆ. ನಿಮ್ಮ ಶೆಣೈ ಇದ್ರೊಳಗೆ ಏನೇನು ಹಾಕವ್ರೆ?" ಮೂಗರಳಿಸುತ್ತ, ದಿಂಡು ಉಳಿಯುವವರೆಗೂ ತಿಂದು ಹೊರಟ.

ಬಸ್ ಸ್ಟ್ಯಾಂಡ್ ದಾಟುವುದರೊಳಗೆ ಟಿಕೆಟ್ ಕೊಡುತ್ತಿದ್ದವನು ಉಸಿರು ಸಿಕ್ಕದೆ, ಬಸ್ಸಿನ ನಡುದಾರಿಯಲ್ಲೇ ಕುಸಿದ.

ಆಸ್ಪತ್ರೆಯ ಡಾಕ್ಟರು ಒಳ್ಳೆ ಹೊತ್ತಿಗೆ ಸರಿಯಾದ ಔಷಧಿ ಕೊಟ್ಟರು. ಜೀವ ಉಳಿಯಿತು. "ಕಹಿ ಬಾದಾಮಿ ಏನಾದ್ರೂ ತಿಂದ್ರಾ ಇವರು? ಬಾಯಲ್ಲಿ ಅದೇ ವಾಸನೆ," ಎಂದು ಅವರು ಕೇಳಿದಾಗ ಶಶಿರೇಖಾಳಿಗೆ ಬೆಳಗಿನ ಸೇಬು ನೆನಪಾಯಿತು. ಒಂದೇ ಹಣ್ಣು. ತಾನು ತಿಂದೆ, ಅಮ್ಮ ತಿಂದಳು, ಇಬ್ಬರಿಗೂ ಏನೂ ಇಲ್ಲ. ಇವನಿಗೆ ಮಾತ್ರ ಹೀಗೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅವಳು ಆ ಬೆಳಗನ್ನು ತಿರುಗಿಸಿ ಮುರುಗಿಸಿ ನೋಡಿದಳು. ಕೈಗೆ ಸಿಕ್ಕಿದ್ದು ಒಂದೇ ವ್ಯತ್ಯಾಸ, ಸೆರಗಿನ ತುದಿ.

ಸೋಮವಾರ ಬೆಳಿಗ್ಗೆ ಲ್ಯಾಬಿನಲ್ಲಿ ಅವಳು ಕಾವಲು ಬೇರಿನ ಮೂರು ಸೇಬು ತೆಗೆದುಕೊಂಡಳು. ಒಂದನ್ನು ಚಾಕುವಿನಿಂದ ಕೊಯ್ದು, ಕೊಯ್ದ ಮುಖದ ಮೇಲೆ ಸಯನೈಡ್ ಗುರುತಿಸುವ ಹಳದಿ ಕಾಗದದ ಪಟ್ಟಿ ಹಿಡಿದಳು. ಕಾಗದ ಹಳದಿಯಾಗಿಯೇ ಉಳಿಯಿತು. ಇಷ್ಟು ದಿನ ಇಲ್ಲಿ ನಡೆದ ಪರೀಕ್ಷೆಗಳೆಲ್ಲ ಇಂಥವೇ. ಕೊಯ್ಯುವುದು, ಅರೆಯುವುದು, ಯಂತ್ರಕ್ಕೆ ಹಾಕುವುದು. ಎರಡನೆಯದನ್ನು ಕರವಸ್ತ್ರ ಸುತ್ತಿ ಕಚ್ಚಿದಳು. ಹಳದಿ. ಮೂರನೆಯದಕ್ಕೆ ನೇರವಾಗಿ ಹಲ್ಲು ಹಾಕಿ, ಬಾಯಲ್ಲಿದ್ದ ಚೂರನ್ನು ಉಗಿದು, ಉಳಿದ ಹಣ್ಣಿನ ಗಾಯದ ಮೇಲೆ ಪಟ್ಟಿ ಹಿಡಿದಳು. ಅಂಚಿನಿಂದ ಶುರುವಾಗಿ ಕಾಗದ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಘಮ್ಮೆಂದು ಬಾದಾಮಿ ವಾಸನೆ.

"ಇನ್ನೊಂದು ಸಲ ಮಾಡಿ," ಎಂದಿತು ಹಿಂದಿನಿಂದ ಒಂದು ದನಿ. ಶೆಣೈ ಯಾವಾಗ ಬಂದು ನಿಂತಿದ್ದರೋ.

ಮಾಡಿದಳು. ಮತ್ತೆ ಕೆಂಪು. ಅವರೂ ಒಂದನ್ನು ಕಚ್ಚಿ, ಉಗಿದು, ನೋಡಿದರು. ಪಟ್ಟಿಯನ್ನು ಬೆಳಕಿಗೆ ಹಿಡಿದರು. ಬುದ್ಧಿವಂತರು, ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ.

"ಕಣ್ಣನ್ನು ಬಾಯಲ್ಲಿ ಇಟ್ಟುಕೊಳ್ತಾರಲ್ಲ ನಿಮ್ಮ ಹೆಂಗಸರು," ಎಂದರು. "ನಾವು ಹುಳದ ರಸ ಸವರೋ ಮೊದಲೇ ಬೇರಿಗೆ ಅವರ ಜೊಲ್ಲು ಮುಟ್ಟಿದೆ. ಮನುಷ್ಯನ ಬಾಯೇ ಶತ್ರು ಅಂತ ಕಲಿತುಬಿಟ್ಟಿದೆ. ಅವರು ಮಾತಾಡಿದ್ರೆ ಗೆರೆ ಏಳ್ತಿದ್ದದ್ದೂ ಬಾಯಿಂದ ಹಾರೋ ತುಂತುರಿಗೇ."

"ಗೋಣಿ ತೆಗೆಸಿದ್ದು ನೀವು ಸಾರ್."

"ನಾನು ಬಾಯಲ್ಲಿಟ್ಟುಕೊಳ್ಳಿ ಅಂತ ಹೇಳಿದ್ನಾ?"

"ಈಗ ಗಿಡಗಳನ್ನ ಕಳಿಸೋದು ಬೇಡ. ಲಾರಿಗೆ ಹೇರಿದ್ದೆಲ್ಲ ಇಳಿಸಿಬಿಡೋಣ."

ಶೆಣೈ ಕಾಗದದ ಪಟ್ಟಿಯನ್ನು ಮಡಿಸಿ ಕಸದ ಬುಟ್ಟಿಗೆ ಹಾಕಿದರು. "ಯಾಕೆ? ಕೊಯ್ದು ತಿಂದರೆ ಏನೂ ಆಗಲ್ಲ, ಹೋಳು ನೇರ ಬಾಯಿಗೆ ಹೋದ್ರೆ ಅದಕ್ಕೆ ವಿಷ ಕಟ್ಟೋಕೆ ಪುರುಸೊತ್ತೇ ಇರಲ್ಲ. ಕಚ್ಚಿ ತಿಂದ್ರೂ ಮೊದಲ ಚೂರು ಸಿಹಿಯೇ. ಚಾಕುವಿನಿಂದ ಕತ್ತರಿಸಿ ತಿನ್ನಿ ಅಂತ ಪ್ರತಿ ಕುಂಡಕ್ಕೂ ಒಂದು ಚೀಟಿ ಹಚ್ಚಿದ್ರಾಯ್ತು."

"ಇವು ಮನೆ ಅಂಗಳಕ್ಕೆ, ಸ್ಕೂಲಿನ ತೋಟಕ್ಕೆ ಹೋಗೋ ಗಿಡ ಸಾರ್. ಗಿಡದಲ್ಲಿ ಸೇಬು ಕಂಡ ಮಗು ಚೀಟಿ ಓದ್ತಾ ನಿಲ್ಲುತ್ತಾ?"

"ನಿಮ್ಮ ಗಂಡ ಬದುಕಿದ್ದಾರಲ್ಲ?"

"ಅವರು ಎಂಬತ್ತು ಕೇಜಿ ಇದ್ದಾರೆ."

ಅವರ ದನಿ ಬಿಗಿಯಾಯಿತು. "ಕೇಳಿ ಶಶಿರೇಖಾ. ತಪ್ಪು ಕಸಿ ಕಟ್ಟಿದವರದು. ಅವರನ್ನ ಇವತ್ತೇ ಬಿಡಿಸ್ತೀನಿ, ಮುಂದಿನ ಸಲಕ್ಕೆ ಯಂತ್ರ ಬರುತ್ತೆ. ಈ ಗಿಡಗಳು ನಾಳೆ ಹೋಗ್ತವೆ. ನೀವು ಸುಮ್ಮನಿದ್ರೆ ನಿಮ್ಮ ತಾಯಿಯನ್ನ ಕುಂಡಕ್ಕೆ ಮಣ್ಣು ತುಂಬೋ ಕೆಲಸಕ್ಕೆ ಇಟ್ಕೊಳ್ತೀನಿ. ಬಾಯಿ ಬಿಟ್ರೆ, ಯಾರ ಬಾಯಿಂದ ಈ ವಿಷ ಬಂತು ಅನ್ನೋದೂ ಊರಿಗೆಲ್ಲ ಗೊತ್ತಾಗುತ್ತೆ. ಯೋಚನೆ ಮಾಡಿ."

ಸಂಜೆ ಅವಳು ಮನೆ ತಲುಪುವ ಮೊದಲೇ ಜಗಳ ಮನೆ ತಲುಪಿತ್ತು. ಕೆಲಸ ಕಳೆದುಕೊಂಡ ಹೆಂಗಸರೆಲ್ಲ ಅಂಗಳದಲ್ಲಿ ನಿಂತಿದ್ದರು. ಅಕ್ಕಯಮ್ಮನ ಜೊತೆ ಹುಡುಗಿಯಾಗಿದ್ದಾಗಿನಿಂದ ಕಸಿ ಕಟ್ಟಿದ ಪಿಳ್ಳಮ್ಮ ಮುಂದೆ ಇದ್ದಳು.

"ಬಂದ್ಲು ನೋಡ್ರಮ್ಮ ಲ್ಯಾಬಿನ ಮೇಡಮ್ಮು," ಎಂದಳು ಪಿಳ್ಳಮ್ಮ. "ಏನಮ್ಮಣ್ಣಿ, ನಮ್ಮ ಜೊಲ್ಲಲ್ಲಿ ಇಸ ಐತಂತೆ? ಸೂಪರ್‌ವೈಸರು ಅಂದ. ನೀನೇ ಪರೀಕ್ಸೆ ಮಾಡಿ ಹೇಳಿದ್ಯಂತೆ."

"ನಿಮ್ಮ ಬಾಯಲ್ಲಿ ವಿಷ ಇಲ್ಲ ಚಿಕ್ಕಮ್ಮ. ಎಲ್ಲರ ಬಾಯೂ ಒಂದೇ. ಬೇರು ತಪ್ಪು ಪಾಠ ಕಲಿತಿದೆ ಅಷ್ಟೆ."

"ಪಾಠ ಬೇರಿಗೆ, ಬೆತ್ತ ನಮಗಾ? ನೀನು ಹುಟ್ಟಿದಾಗ ಇದೇ ಬಾಯಲ್ಲಿ ಜೇನು ಚಪ್ಪರಿಸಿ ನಿನ್ನ ನಾಲಿಗೆಗೆ ಇಟ್ಟವಳು ನಾನು. ಆವತ್ತು ಸಾಯ್ಲಿಲ್ವಲ್ಲ ನೀನು."

ಒಳಗೆ ಮಂಚದ ಮೇಲಿದ್ದ ಲಕ್ಷ್ಮೀಪತಿ, "ಪಿಳ್ಳಮ್ಮನೋರೇ, ಸಾಯಬೇಕಾದ್ದು ನಾನು. ಬೈಯೋದಾದ್ರೆ ನನ್ನ ಬೈರಿ," ಎಂದ. ಯಾರೂ ನಗಲಿಲ್ಲ.

ಹೆಂಗಸರು ಬೈಯುತ್ತಲೇ ಹೋದ ಮೇಲೆ ಅಕ್ಕಯಮ್ಮ ಬಾಗಿಲಲ್ಲಿ ಕೂತಳು. ಮಗಳು ನಡೆದದ್ದನ್ನೆಲ್ಲ ಹೇಳಿದಳು, ಮಣ್ಣು ತುಂಬುವ ಕೆಲಸದ ಮಾತನ್ನೂ ಬಿಡಲಿಲ್ಲ.

"ನನಗೊಬ್ಬಳಿಗೆ ಕೆಲಸ ಕೊಡ್ತಾನಂತಾ?" ಅಕ್ಕಯಮ್ಮ ಕೇಳಿದಳು.

"ನಿನಗೊಬ್ಬಳಿಗೆ."

"ಬ್ಯಾಡ. ಗಿಡ ಹೋಗಬಾರ್ದು, ಅದೂ ನಿಜ. ಅಳಿಯಂದ್ರ ಮುಖ ನೀಲಿ ಆಗಿದ್ದು ನಾನೂ ಕಂಡಿದೀನಿ." ಮಗಳ ಕಡೆ ತಿರುಗಿದಳು. "ನೀನು ತಡೆ. ಎಂಗಾದ್ರೂ ತಡೆ. ಆದ್ರೆ ನಮ್ಮ ಹೆಣ್ಮಕ್ಕಳ ಮಾನ ತೆಗಿಬ್ಯಾಡ. ಕೈಕೆಲಸ ಒಂದೇ ಕಣೇ ನಮ್ಮತ್ರ ಇರೋದು. ಅದನ್ನೂ ಗಲೀಜು ಅಂತ ಅನ್ನಿಸಬ್ಯಾಡ."

"ಇಲ್ಲಮ್ಮ," ಎಂದಳು ಶಶಿರೇಖಾ.

ಮಾರನೆಯ ದಿನ ನರ್ಸರಿಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಬೇರೆ ಬೇರೆ ಜಿಲ್ಲೆಗಳ ಡೀಲರುಗಳು ಕುರ್ಚಿಗಳಲ್ಲಿ. ಎದುರಿಗೆ ತಟ್ಟೆಗಳಲ್ಲಿ ತೆಳ್ಳಗೆ ಹೆಚ್ಚಿದ ಸೇಬು, ಒಂದೊಂದು ಹೋಳಿಗೂ ಒಂದೊಂದು ಕಡ್ಡಿ. ಆಚೆ ಗೇಟಿನ ಬಳಿ ಗಿಡ ಹೇರಿದ ಲಾರಿಗಳು ಸಾಲಾಗಿ ನಿಂತಿದ್ದವು. ಕೆಲಸ ವಾಪಸು ಕೇಳಲು ಬಂದಿದ್ದ ಹೆಂಗಸರನ್ನು ಕಾವಲಿನವನು ಹಗ್ಗದಾಚೆ ನಿಲ್ಲಿಸಿದ್ದ. ಅಕ್ಕಯಮ್ಮನೂ ಅಲ್ಲಿದ್ದಳು, ಪಿಳ್ಳಮ್ಮನಿಂದ ಎರಡು ಮಾರು ದೂರ.

ಶೆಣೈ ಮಾತು ಮುಗಿಸಿ, ನಗುತ್ತ ಒಂದು ಇಡೀ ಸೇಬು ಎತ್ತಿ ಎಲ್ಲರ ಮುಂದೆ ಗರಕ್ಕೆಂದು ಒಂದು ಚೂರು ಕಚ್ಚಿ ತಿಂದರು. ಚಪ್ಪಾಳೆ ಬಿತ್ತು. ಉಳಿದ ಹಣ್ಣನ್ನು ತಟ್ಟೆಯ ಪಕ್ಕದಲ್ಲಿಟ್ಟು ಕೈ ಒರೆಸಿಕೊಂಡರು.

ಶಶಿರೇಖಾ ಎದ್ದು ಹೋಗಿ ಆ ಹಣ್ಣನ್ನು ಎತ್ತಿಕೊಂಡಳು. "ಸಾರ್, ಇನ್ನೊಂದು ಸಲ ಕಚ್ಚಿ."

"ಹೊಟ್ಟೆ ತುಂಬಿದೆ. ಕೂತ್ಕೊಳ್ಳಿ."

ಅವಳು ಕೂರಲಿಲ್ಲ. ಹಳದಿ ಪಟ್ಟಿಯನ್ನು ಹಣ್ಣಿನ ಗಾಯದ ಮೇಲೆ ಹಿಡಿದು, ಮುಂದಿನ ಸಾಲಿನ ಕುರ್ಚಿಗಳ ಮುಂದೆ ನಡೆದಳು. ಎಲ್ಲರೂ ನೋಡುತ್ತಿದ್ದಂತೆ ಪಟ್ಟಿ ಇಟ್ಟಿಗೆ ಬಣ್ಣವಾಯಿತು. ಇದು ಸಯನೈಡ್, ಮೊದಲ ಚೂರಿನಲ್ಲಿ ಇರುವುದಿಲ್ಲ, ಕಚ್ಚಿದ ಮೇಲೆ ಬರುತ್ತದೆ, ನನ್ನ ಗಂಡ ಸಾಯುವುದರಲ್ಲಿದ್ದ, ಮಕ್ಕಳಾದರೆ ಉಳಿಯುವುದು ಕಷ್ಟ, ಎಂದು ನಾಲ್ಕು ಮಾತಿನಲ್ಲಿ ಹೇಳಿದಳು.

ಶಾಮಿಯಾನದಲ್ಲಿ ಗುಜುಗುಜು ಎದ್ದಿತು. ಶೆಣೈ ಗಾಬರಿಯಾಗಲಿಲ್ಲ. "ಕತ್ತರಿಸಿ ತಿಂದರೆ ಅಪಾಯ ಇಲ್ಲ. ಪ್ರತಿ ಕುಂಡಕ್ಕೂ ಸೂಚನೆಯ ಚೀಟಿ ಇರುತ್ತೆ," ಎಂದರು.

ಮುಂದಿನ ಸಾಲಿನಲ್ಲಿದ್ದ ತುಮಕೂರಿನ ಕಡೆಯ ಡೀಲರು ಪರಮಶಿವಯ್ಯ ಹಣೆಯ ವಿಭೂತಿ ತೀಡಿಕೊಂಡು ಯೋಚಿಸಿದರು. "ಚೀಟಿ ಇದ್ರೆ ನಮ್ಮ ಜವಾಬ್ದಾರಿ ಮುಗೀತಲ್ಲ. ಇಲಿ ಪಾಷಾಣಾನೂ ಮಾರ್ತೀವಿ, ಅದ್ರ ಮೇಲೂ ಚೀಟಿ ಇರುತ್ತೆ. ಆದ್ರೆ ಡಾಕ್ಟ್ರೇ, ಇಂಥ ಲೋಪ ಇಟ್ಕೊಂಡು ಅದೇ ರೇಟು ಕೇಳಿದ್ರೆ ಆಗಲ್ಲ. ಇಳಿಸಬೇಕು ನೀವು."

ಪಕ್ಕದವರು ಹೌದೆಂದರು. ಹಿಂದಿನಿಂದ ಯಾರೋ, ಗುಲಾಬಿ ಕೊಂಬೆಗೆ ಹೆಚ್ಚಿಗೆ ಕೇಳಬಹುದು ಎಂದರು. ಅವರ ಮಾತು ಲಾರಿ ಬಾಡಿಗೆಗೆ ಹೋಯಿತು. ಶಶಿರೇಖಾ ಕೈಯಲ್ಲಿ ಕೆಂಪು ಪಟ್ಟಿ ಹಿಡಿದು ನಡುವೆ ನಿಂತಿದ್ದಳು. ಯಾರೂ ಅವಳ ಕಡೆ ನೋಡುತ್ತಿರಲಿಲ್ಲ. ಗೇಟಿನಲ್ಲಿ ಮೊದಲ ಲಾರಿಯ ಎಂಜಿನ್ನು ಗುರ್ರೆಂದಿತು.

ಆಗ ಅವಳಿಗೆ ಹೊಳೆಯಿತು. ಈ ಜನಕ್ಕೆ ವಿಷದ ಭಯ ಇಲ್ಲ. ಇವರಿಗೆ ಇರುವ ಭಯ ಬೇರೆ. ಅದು ಅವಳಿಗೆ ಗೊತ್ತಿತ್ತು, ಗೊತ್ತಿಲ್ಲದವರು ಯಾರು. ಹಗ್ಗದ ಕಡೆ ನೋಡಬಾರದೆಂದುಕೊಂಡಳು, ನೋಡಿಬಿಟ್ಟಳು. ಅಕ್ಕಯಮ್ಮ ಅವಳನ್ನೇ ನೋಡುತ್ತಿದ್ದಳು.

"ಪರಮಶಿವಯ್ಯನೋರೇ," ಎಂದು ಕರೆದಳು. ದನಿ ಗಟ್ಟಿಯಾಗಿ ಬಂತು. "ಈ ವಿಷ ಗಿಡಕ್ಕೆ ಹೇಗೆ ಬಂತು ಅಂತ ಕೇಳ್ಲೇ ಇಲ್ವಲ್ಲ ನೀವು. ಲಾರಿಯಲ್ಲಿರೋ ಒಂದೊಂದು ಗಿಡದ ಕಣ್ಣೂ ಕೂಲಿ ಹೆಂಗಸರ ಬಾಯಲ್ಲಿ ಕೂತು ಬಂದಿದ್ದು. ಅಗೋ, ಅಲ್ಲಿ ನಿಂತವರಲ್ಲ, ಅವರ ಬಾಯಲ್ಲಿ. ಅವರ ಎಂಜಲಲ್ಲೇ ಗಾಯ ಕೂಡಿರೋದು. ಆ ಎಂಜಲು ಬೇರಿಗೆ ಇಳಿದಿದೆ, ಹಣ್ಣಿಗೂ ಬರುತ್ತೆ, ಗುಲಾಬಿಗೂ ಬರುತ್ತೆ. ದೇವರಿಗೆ ಏರಿಸಿದ್ರೂ ಅದೇ."

ಹಣ್ಣಿಗೆ ಎಂಜಲು ಬರುವುದಿಲ್ಲ, ಬರುವುದು ಬೇರಿನ ನೆನಪು ಮಾತ್ರ. ಅವಳು ಹೇಳಿದ್ದು ಸುಳ್ಳೆಂದು ಆ ಅಂಗಳದಲ್ಲಿ ಇಬ್ಬರಿಗೆ ಗೊತ್ತಿತ್ತು. ಇನ್ನೊಬ್ಬರಾದ ಶೆಣೈ ಬಾಯಿ ತೆರೆಯುವುದರೊಳಗೆ ಪರಮಶಿವಯ್ಯ ಎದ್ದು ನಿಂತಿದ್ದರು. ಬಾಯಲ್ಲಿದ್ದ ಹೋಳನ್ನು ಅಂಗೈಗೆ ಉಗಿದು, ಎಸೆಯಲು ಜಾಗ ಹುಡುಕುತ್ತಿದ್ದರು.

"ಥೂ, ಇದೇನ್ರೀ ಇದು ಡಾಕ್ಟ್ರೇ. ಯಾರ್ಯಾರದೋ ಎಂಜಲು ತಂದು ನಮ್ಮ ಬಾಯಿಗೆ ಇಡ್ತೀರಾ? ಯಾರು ಅವರು, ಯಾವ ಜನ?"

"ನಮ್ಮನೆ ಪೂಜೆಗೆ ಇದೇ ಗಿಡದ ಹೂವು ಒಯ್ದಿದ್ರಲ್ಲ ಹೋದ ತಿಂಗಳು," ಎಂದು ಇನ್ನೊಬ್ಬರು ತಲೆ ಹಿಡಿದುಕೊಂಡರು. ಕುರ್ಚಿಗಳು ಹಿಂದಕ್ಕೆ ಸರಿದವು. ನೀರಿನ ಡ್ರಮ್ಮಿನ ಹತ್ತಿರ ಬಾಯಿ ಮುಕ್ಕಳಿಸುವವರ ನೂಕುನುಗ್ಗಲಾಯಿತು. ಯಂತ್ರ, ಬೇರು, ಪಾಠ ಎಂದು ಶೆಣೈ ಏನೇನೋ ಹೇಳುತ್ತಿದ್ದರು, ಕೇಳುವ ಕಿವಿ ಒಂದೂ ಇರಲಿಲ್ಲ. ಬಾಯಿ ಮುಕ್ಕಳಿಸಿ ಬಂದವರೊಬ್ಬರು ಹಗ್ಗದ ಹತ್ತಿರ ಹಾದು ಹೋಗುವಾಗ ಹೆಂಗಸರ ಕಾಲ ಬಳಿ ಉಗುಳಿದರು. ಪಿಳ್ಳಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಉಳಿದವರೂ ಹಾಗೇ ಮಾಡಿದರು.

ಮಧ್ಯಾಹ್ನದ ಹೊತ್ತಿಗೆ ಲಾರಿಗಳಿಂದ ಗಿಡಗಳೆಲ್ಲ ಇಳಿದವು. ಸಂಜೆಯ ಹೊತ್ತಿಗೆ ಹೊಂಡದಲ್ಲಿ ಸುಡಲು ಶುರು ಮಾಡಿದರು. ಶಶಿರೇಖಾಳ ಕೆಲಸವೂ ಅದರ ಜೊತೆಗೇ ಹೋಯಿತು, ಅದನ್ನು ಅವಳು ಎಣಿಸಿಕೊಂಡೇ ಇದ್ದಳು. ಗೇಟಿನಿಂದ ಹೊರಗೆ ಬಂದಾಗ ರಸ್ತೆಯ ಬದಿಯಲ್ಲಿ ಟೆಂಪೋ ನಿಂತಿತ್ತು. ದ್ರಾಕ್ಷಿ ತೋಟದವರು ಬಳ್ಳಿ ಸವರಲು ಆಳು ಬೇಕೆಂದು ಕಳಿಸಿದ್ದರಂತೆ. ಹೆಂಗಸರು ಒಬ್ಬೊಬ್ಬರಾಗಿ ಹತ್ತಿ ಕೂರುತ್ತಿದ್ದರು. ಸೆರಗು ಇನ್ನೂ ಬಾಯಿಯ ಮೇಲೆ.

ಅಕ್ಕಯಮ್ಮ ಕೊನೆಗೆ ಹತ್ತುವವಳಿದ್ದಳು.

"ಅಮ್ಮ," ಎಂದಳು ಶಶಿರೇಖಾ. "ಬೇರೆ ಏನು ಹೇಳಿದ್ರೂ ಅವರು ನಿಲ್ಲಿಸ್ತಿರಲಿಲ್ಲ. ನೋಡಿದ್ಯಲ್ಲ."

"ನೋಡಿದೆ."

"ಲಾರಿ ಹೊರಟಿತ್ತು."

"ಎಲ್ಲ ನೋಡಿದೆ ಕಣೇ. ನಾನಾಗಿದ್ರೂ ಅದೇ ಹೇಳ್ತಿದ್ನೋ ಏನೋ." ಅಕ್ಕಯಮ್ಮ ಟೆಂಪೋದ ಸರಳು ಹಿಡಿದಳು. ಪಿಳ್ಳಮ್ಮ ಸರಿದು ಜಾಗ ಬಿಟ್ಟಳು, ಆದರೆ ಕೈ ಕೊಡಲಿಲ್ಲ. ಹತ್ತಿ ಕೂತ ಮೇಲೆ ಅಕ್ಕಯಮ್ಮ ಮಗಳ ಕಡೆ ತಿರುಗದೆ ಹೇಳಿದಳು, "ನೀನು ಮಾಡಿದ್ದು ಸರಿ. ಅದಕ್ಕೇ ಬೈಯೋಕೂ ಆಗ್ತಿಲ್ಲ ನಂಗೆ. ಅಳಿಯಂದ್ರಿಗೆ ಗಂಜಿ ಮಾಡಿಕೊಡು. ನಾನು ಸ್ವಲ್ಪ ದಿನ ಇವರ ಜೊತೆ ಇರ್ತೀನಿ."

ಟೆಂಪೋ ಹೊರಟಿತು.